ಹದಿನೇಳನೆಯ ನಂಬರಿನ ಸೀಲು

"ಅಮ್ಮಾ, ಅಮರೇಶ್ ಮಾಮ ಚನ್ನವೀರಪ್ಪ ಮಾಮನ್ನ 'ಸುಳ್ಳು ಸೀಲು' ಅಂತಾರಲ್ಲ, ಯಾಕೆ?"

ಧನಲಕ್ಷ್ಮಿ ದೋಸೆ ತಿರುವಿ ಹಾಕುತ್ತಿದ್ದಳು. ಮಗಳಿಗೆ ಆರು ವರ್ಷ. ಮನೆಯ ಹಿಂಬದಿಯ ಬಾಡಿಗೆ ಕೋಣೆಯವರು ಆಡುವ ಮಾತೆಲ್ಲ ಅವಳ ಕಿವಿಗೆ ಬೀಳುತ್ತದೆ. "ತಮಾಷೆಗೆ ಕಣೇ, ಬಿಸಿಯಾಗಿದ್ದಾಗಲೇ ತಿನ್ನು" ಎಂದು ಮಾತು ತೇಲಿಸಿದಳು.

ಚನ್ನವೀರಪ್ಪ ಕೊಪ್ಪಳದ ಕಡೆಯವನು. ಒಂಬತ್ತು ವರ್ಷದಿಂದ ಅದೇ ಕೋಣೆ, ಬೊಮ್ಮಸಂದ್ರದ ಅದೇ ಕಾರ್ಖಾನೆ. ಬ್ರೇಕಿನ ಬಿಡಿಭಾಗಗಳ ತೂತು ಅಳೆಯುವುದು ಅವನ ಕೆಲಸವಾಗಿತ್ತು. ಅಳತೆಯ ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಕೂಡದು. ಎಲ್ಲ ಸರಿಯಿದ್ದರೆ ಟ್ರೇಯ ಚೀಟಿಗೆ ಸೀಲು. ಅವನ ಸೀಲಿನ ಹದಿನೇಳನೆಯ ನಂಬರು ಕಂಡರೆ ಮುಂದಿನವರು ಮತ್ತೆ ಅಳೆಯುತ್ತಲೇ ಇರಲಿಲ್ಲ.

ಹೋದ ಬೇಸಿಗೆಯ ಒಂದು ಸಂಜೆ ಶಿಫ್ಟ್ ಬಸ್ಸು ಹಾರನ್ ಹೊಡೆಯುತ್ತಿತ್ತು. ಕೊನೆಯ ಟ್ರೇಯನ್ನು ಅವನು ಅಳೆಯದೆ ಸೀಲೊತ್ತಿ ಓಡಿದ. ತೂತು ಸರಿಯಿಲ್ಲದ ಪೀಸುಗಳಿವೆಯೆಂದು ಆ ಟ್ರೇ ಗಿರಾಕಿಯಿಂದ ವಾಪಸ್ ಬಂತು. "ಹದಿನೇಳು ತಪ್ಪೋದಿಲ್ಲ, ಸೀಲಾದ ಮೇಲೆ ಅಮರೇಶನೇ ಕೆಟ್ಟ ಪೀಸು ತುರುಕಿದ್ದಾನೆ" ಅಂದರು ಎಲ್ಲರೂ. ಮೆಷಿನ್ ನಡೆಸುವ ಅಮರೇಶ ಅವನ ಕೋಣೆಯ ಜೊತೆಗಾರ. ಎರಡು ದಿನ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿನ್ನುತ್ತಾ ಚನ್ನವೀರಪ್ಪ ಸುಮ್ಮನಿದ್ದ. ಮೂರನೆಯ ದಿನ ಸೀಲನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು ನಡೆದದ್ದು ಹೇಳಿದ. ಅಂದಿನಿಂದ ಪ್ಯಾಕಿಂಗಿನಲ್ಲಿದ್ದಾನೆ.

ದೋಸೆ ಮುಗಿಯುವ ಹೊತ್ತಿಗೆ ಅವನೇ ಬಿಳಿ ಹಾಳೆ ಹಿಡಿದು ಬಂದ. ಹಿಂದೆ ಅಮರೇಶ.

"ಅಕ್ಕಾರ, ಸೀಲು ವಾಪಸ್ ಕೊಡೋ ವಿಚಾರ ಐತಂತ. ಆಗಿದ್ದು ಬರದು ಕೊಡು ಅಂದಾರ. ನನ್ನ ಅಕ್ಷರ ಕಾಗಿ ಕಾಲಿನಂಗ ಅದಾವ್ರಿ."

ಇಷ್ಟು ವರ್ಷದ ಹೆಸರು ಅವನಿಗೆ ಮರಳಿ ಸಿಗಲೆಂದು ಧನಲಕ್ಷ್ಮಿ ನಯವಾಗಿ ಬರೆದು ಓದಿದಳು: "ಬಸ್ಸಿನ ಅವಸರದಲ್ಲಿ, ಕೆಲಸದ ಒತ್ತಡದಿಂದ ಒಂದು ಸಣ್ಣ ಲೋಪವಾಯಿತು."

"ಸಕ್ಕತ್ತಾಗಿದೆ ಅಕ್ಕ!" ಎಂದ ಅಮರೇಶ. "ಮ್ಯಾನೇಜರ್ ಕರಗ್ಹೋಗ್ತಾರೆ. ನಡಿ ಗುರು, ಸುಳ್ಳು ಸೀಲು, ಸೈನ್ ಹಾಕು."

ಚನ್ನವೀರಪ್ಪ ನಕ್ಕ, ಪೆನ್ನು ಮಾತ್ರ ಮುಟ್ಟಲಿಲ್ಲ. "ಒತ್ತಡ ಎಲ್ಲೀದ್ರೀ ಅಕ್ಕಾರ, ಮನೀಗೆ ಹೋಗೋ ಆಸೆ ಅಷ್ಟ. ಅಳೀಲಾರದ ಒತ್ತೀನಿ ಅಂತ ಬರೀರಿ. ಎರಡು ದಿನ ಇವನ್ನ ಬೈಸಿ ಬಾಯಿ ಮುಚ್ಕೊಂಡು ಕುಂತಿದ್ದೂ ಬರೀರಿ."

"ಅದನ್ನೂ ಬರೆದ್ರೆ ಸೀಲು ಕೊಡ್ತಾರಾ ಅಣ್ಣ?" ಎಂದಳು ಧನಲಕ್ಷ್ಮಿ.

"ಕೊಡಲಿಲ್ಲ ಅಂದ್ರ ಪ್ಯಾಕಿಂಗ್ ಐತಲ್ರಿ. ರಾತ್ರಿ ನಿದ್ದಿ ಚಲೋ ಬರ್ತೈತಿ."

ಅವಳು ಆ ಸಾಲು ಹೊಡೆದುಹಾಕಿ, ಅವನು ಹೇಳಿದ ಹಾಗೇ ಬರೆದಳು. ಅವನು ಸೈನ್ ಹಾಕಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗುವಿನ ಕಡೆ ನೋಡಿದ.

"ಇನ್ನೊಂದು ಉಪಕಾರ ಮಾಡ್ರಿ ಅಕ್ಕಾರ. ಇದನ್ನ ಈ ಕೂಸಿಗೂ ಒಮ್ಮೆ ಓದಿ ಹೇಳ್ರಿ. 'ಸುಳ್ಳು ಸೀಲು' ಅಂತ ಯಾಕಂತಾರ ಅಂತ ನಿನ್ನೆ ನನ್ನ ಕೇಳಿತ್ತು. ಹೇಳಾಕ ಬಾಯಿ ಬರಲಿಲ್ಲ."