ಅಕ್ಕನ ಇಪ್ಪತ್ತೊಂದು ಪರ್ಸೆಂಟು

ಬ್ಯಾಟರಿ ಕೊಂಡ ದಿನದಿಂದಲೇ ಸಾಯಲು ಶುರುಮಾಡುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಎರಡು ವರ್ಷಕ್ಕೆ ಸಾಯಬೇಕೋ ಆರು ವರ್ಷಕ್ಕೋ ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ನಾನು ಹೇಳುತ್ತಿರುವ ಕಚೇರಿಯ ಒಳಗೆ ಒಂದು ಲ್ಯಾಪ್‌ಟಾಪಿನ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತಿತು. ಅದೇ ಕಚೇರಿಯ ಹೊರಗೆ, ಪಡಸಾಲೆಯಲ್ಲಿ, ಇನ್ನೊಂದು ಆರು ವರ್ಷದಿಂದ ಉಸಿರಾಡುತ್ತಿದೆ.

ಹೊರಗಿನದು ಅರ್ಜಿ ತುಂಬಿಕೊಡುವ ಅಕ್ಕನದು. ಮಡಚುವ ಮೇಜು, ಒಂದು ಸ್ಟೂಲು, ಮಡಿಲಲ್ಲಿ ಫೋನು. ಆ ಕಚೇರಿಯಲ್ಲಿ ಕಾಗದದ ಅರ್ಜಿ ತೆಗೆದುಕೊಳ್ಳುವುದಿಲ್ಲ, ಎಲ್ಲವೂ ಆನ್‌ಲೈನ್. ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದವರು ಏನು ಮಾಡಬೇಕು ಎಂದು ಕೇಳಿದರೆ ಕೌಂಟರಿನ ಗುಮಾಸ್ತ ತಲೆ ಎತ್ತದೆ ಬೆರಳು ತೋರಿಸುತ್ತಾನೆ. ಹೊರಗೆ ಅಕ್ಕ ಇದ್ದಾರೆ, ಹೋಗಿ. ಅಂದರೆ ಇಡೀ ಕಚೇರಿ ನಡೆಯುವುದು ಅಕ್ಕನ ಬ್ಯಾಟರಿಯ ಮೇಲೆ.

ಅಕ್ಕನ ಬೆನ್ನ ಹಿಂದಿನ ಗೋಡೆಯಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಪ್ಲಗ್ ಇದೆ. ಅದರ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ. ಆರು ವರ್ಷದಲ್ಲಿ ಅದು ತೆರೆದದ್ದು ಒಂದೇ ಸಲ. ಅವತ್ತು ಕಚೇರಿಯ ಸಾಹೇಬರು ಬಂದು ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು, ಫೋಟೋಗ್ರಾಫರ್ ಮೆಟ್ಟಿಲಿಳಿಯುವ ಮೊದಲೇ ಜವಾನ ಬೀಗ ಹಾಕಿದ. ಸಾರ್ವಜನಿಕರ ಕರೆಂಟನ್ನು ಸಾರ್ವಜನಿಕರು ಪೋಲು ಮಾಡಬಾರದಲ್ಲ. ಒಳಗೆ ಮಾತ್ರ ಮೀನಿನ ತೊಟ್ಟಿಯ ಪಂಪು ಗುಳುಗುಳು ಎನ್ನುತ್ತದೆ, ಸಿಬ್ಬಂದಿಯ ಐದು ಫೋನುಗಳು ಬೆಳಗಿನಿಂದ ಸಂಜೆಯವರೆಗೆ ಹಾಲು ಕುಡಿಯುತ್ತಿರುತ್ತವೆ, ಸೋಮವಾರದಿಂದ ರಜೆಯಲ್ಲಿರುವವನ ಖಾಲಿ ಕುರ್ಚಿಗೆ ಟೇಬಲ್ ಫ್ಯಾನು ಗಾಳಿ ಬೀಸುತ್ತದೆ. ಅದು ಪೋಲಲ್ಲ, ಆಡಳಿತ.

ಹೀಗಾಗಿ ಅಕ್ಕ ಬ್ಯಾಟರಿಯನ್ನು ಸಾಕುವುದು ಕಲಿತಳು. ಪರದೆಯ ಬೆಳಕು ಎಷ್ಟು ಕಡಿಮೆಯೆಂದರೆ ಅರ್ಜಿದಾರರು ತಮ್ಮ ಹೆಸರನ್ನು ತಾವೇ ಬಗ್ಗಿ ಹುಡುಕಬೇಕು. ಒಂದು ಅರ್ಜಿಗೆ ಒಂದೇ ಕಿಟಕಿ ತೆರೆದಿರುತ್ತದೆ. ಫೋನಿನ ಇಂಟರ್ನೆಟ್ಟನ್ನು ಗಾಳಿಯಲ್ಲೇ ತೆಗೆದುಕೊಳ್ಳುತ್ತಾಳೆ. ಕೇಬಲ್ ಸಿಕ್ಕಿಸಿದರೆ ಫೋನು ಲ್ಯಾಪ್‌ಟಾಪಿನ ರಕ್ತ ಹೀರುತ್ತದೆ. ಮುಂದಿನ ಗಿರಾಕಿ ಬರುವುದು ತಡವಾದರೆ ಯಂತ್ರವನ್ನು ಪೂರ್ತಿ ಮಲಗಿಸುತ್ತಾಳೆ. ಕೆಳಗಿನ ಕಿಂಡಿಗಳಿಗೆ ಗಾಳಿಯಾಡಲೆಂದು ಎರಡು ಮರದ ಪಟ್ಟಿ. ಮನೆಯಲ್ಲಿ ಚಾರ್ಜಿನ ಉಸ್ತುವಾರಿ ಅತ್ತೆಯದು. ಹಾಲು ಉಕ್ಕುವುದನ್ನು ಕಾಯುವಂತೆ ಪಕ್ಕದಲ್ಲೇ ಕೂತಿದ್ದು, ಎಂಬತ್ತು ಪರ್ಸೆಂಟಾಯಿತೋ, ವೈರು ಕೀಳುತ್ತಾರೆ. ಕೊನೇ ದಿನಾಂಕದ ವಾರದಲ್ಲಿ ಮಾತ್ರ ನೂರಕ್ಕೆ ಅನುಮತಿ, ಅದೂ ಅಕ್ಕ ಚಪ್ಪಲಿ ಮೆಟ್ಟುವ ಹೊತ್ತಿಗೆ. "ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿ ಕೂರಿಸಿದ್ರೆ ಯಾವ ಜೀವ ಉಳಿಯುತ್ತೆ?" ಎನ್ನುವುದು ಅತ್ತೆಯ ವಿಜ್ಞಾನ. ಬ್ಯಾಟರಿ ತಯಾರಿಸುವವರೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತಾರೆ, ಸಣ್ಣ ಅಕ್ಷರದಲ್ಲಿ.

ಮಾತೆಲ್ಲ ಪರ್ಸೆಂಟಿನಲ್ಲೇ ಆಡುವುದರಿಂದ ಜನ ಅವಳಿಗೆ ಪರ್ಸೆಂಟಕ್ಕ ಎಂದು ಹೆಸರಿಟ್ಟರು. ಒಳಗಿನವರು ಕೇಳುವ ಪರ್ಸೆಂಟು ಬೇರೆ, ಅವರಿಗೆ ಯಾರೂ ಅಡ್ಡಹೆಸರು ಇಟ್ಟಿಲ್ಲ.

ಮೊನ್ನೆ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಸಾಬೀತು ಮಾಡಲು ಕೊನೇ ದಿನ, ಸಂಜೆ ಐದರ ಗಡುವು. ನಿವೃತ್ತ ಕಾವಲುಗಾರ ಅಜ್ಜನೊಬ್ಬ ಕಚೇರಿಯ ಲೆಕ್ಕದಲ್ಲಿ ಮೂರು ತಿಂಗಳಿಂದ ಸತ್ತಿದ್ದ, ಪಿಂಚಣಿ ನಿಂತಿತ್ತು. ಸತ್ತಿದ್ದರೆ ಇಷ್ಟು ದೂರ ನಡೆದುಕೊಂಡು ಬರುತ್ತಿದ್ದೆನೇ ಎಂದು ಅವನು ಗುಮಾಸ್ತನನ್ನು ಕೇಳಿದ್ದಾನೆ. ಕಂಪ್ಯೂಟರಿನಲ್ಲಿ ಹಾಗೆ ತೋರಿಸುತ್ತಿಲ್ಲ ಎಂಬ ಉತ್ತರ ಬಂದಿದೆ, ಜೊತೆಗೆ ಬೆರಳು. ಅಜ್ಜ ಅಕ್ಕನ ಸಾಲಿನಲ್ಲಿ ನಿಂತ. ಅವನ ಮುಂದೆ ಮಗಳ ಪ್ರಮಾಣಪತ್ರಕ್ಕೆ ಬಂದ ಹೆಂಗಸೊಬ್ಬಳಿದ್ದಳು.

ನಾಲ್ಕು ಗಂಟೆಗೆ ಕರೆಂಟು ಹೋಯಿತು. ಮೀನಿನ ಪಂಪು ನಿಂತಿತು, ಫ್ಯಾನು ನಿಂತಿತು, ಸಾಹೇಬರ ಲ್ಯಾಪ್‌ಟಾಪೂ ಅದೇ ಕ್ಷಣದಲ್ಲಿ ಕಣ್ಣು ಮುಚ್ಚಿತು. ಎರಡು ವರ್ಷದಿಂದ, ಭಾನುವಾರವೂ ಬಿಡದೆ, ಅದರ ಬಾಯಿಂದ ವೈರು ತೆಗೆದವರಿಲ್ಲ. ಮೇಲೆ ಸದಾ ಫೈಲುಗಳ ಹೊದಿಕೆ. ಆ ಕಾವಿಗೆ ಒಳಗಿನ ಬ್ಯಾಟರಿ ಉಬ್ಬಿ ಕೀಲಿಮಣೆಯೇ ಗೂನಾಗಿತ್ತು. ಹೊಸ ಮಾಡೆಲ್ ಹೀಗೇ ಇರುತ್ತದೆ ಎಂದು ಸಿಬ್ಬಂದಿ ನಂಬಿದ್ದರು.

ಸಾಹೇಬರಿಗೂ ಐದಕ್ಕೇ ಗಡುವು, ಮೇಲಿನವರಿಗೆ ಒಂದು ವರದಿ ಹೋಗಬೇಕಿತ್ತು. ಪೆನ್‌ಡ್ರೈವ್ ಹಿಡಿದು, ಆ ಪಡಸಾಲೆಯಲ್ಲಿ ಒಬ್ಬಾಕೆ ಕೂತಿರುತ್ತಾಳೆ ಎಂಬುದನ್ನು ಆಗಷ್ಟೇ ಕಂಡವರಂತೆ ಬಂದು ನಿಂತರು.

"ಏನಮ್ಮಾ, ಅದನ್ನ ಸ್ವಲ್ಪ ಒಳಗೆ ಕೊಡು. ಅರ್ಜೆಂಟ್ ಇದೆ."

"ಇಪ್ಪತ್ತೊಂದಿದೆ ಸಾರ್. ಇನ್ನೂ ಇಬ್ರು ಇದ್ದಾರೆ, ಅಜ್ಜಂದು ಐದರೊಳಗೆ ಆಗ್ಲೇಬೇಕು. ಅವರದಾದ ಮೇಲೆ ಕೊಡ್ತೀನಿ."

"ನಾನ್ಯಾರು ಅಂತ ಗೊತ್ತಲ್ವಾ?"

"ಗೊತ್ತು ಸಾರ್, ಬೋರ್ಡಲ್ಲಿದೆ. ಅಜ್ಜ ಯಾರು ಅಂತಲೇ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ."

ಸಾಲಿನಲ್ಲಿ ಯಾರೋ ನಗುವನ್ನು ಕೆಮ್ಮಾಗಿ ತಿರುಗಿಸಿದರು. ನಾಳೆಯಿಂದ ಇಲ್ಲಿ ಕೂರಬೇಕೋ ಬೇಡವೋ ಯೋಚನೆ ಮಾಡು ಎಂದರು ಸಾಹೇಬರು, ಮೆಲ್ಲಗೆ. ಅಕ್ಕನ ಬೆರಳು ಕೀಲಿಗಳ ಮೇಲೆ ಒಂದು ಗಳಿಗೆ ನಿಂತಿತು. ಮನೆ ನಡೆಯುವುದು ಈ ಮೇಜಿನಿಂದ. ಆಮೇಲೆ ಆ ಹೆಂಗಸಿನ ಅರ್ಜಿಯ ಉಳಿದ ಎರಡು ಸಾಲು ತುಂಬಿ ಕಳಿಸಿದಳು. ಹದಿನೇಳು. ಪರದೆಯನ್ನು ಅಜ್ಜನ ಕಡೆ ತಿರುಗಿಸಿದಳು. ಬದುಕಿರುವವರು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬುದು ನಿಯಮ.

"ಎಷ್ಟು ಸಲ ಮಿಟುಕಿಸ್ಲಮ್ಮಾ?"

"ಒಂದ್ಸಲ ಸಾಕು ಅಜ್ಜಾ. ಜಾಸ್ತಿ ಬದುಕೋಕೆ ಚಾರ್ಜಿಲ್ಲ."

ನಾಲ್ಕೂ ಮೂವತ್ತೆರಡಕ್ಕೆ ಅಜ್ಜ ಅಧಿಕೃತವಾಗಿ ಬದುಕಿದ. ಹನ್ನೆರಡು ಪರ್ಸೆಂಟು ಉಳಿದಿತ್ತು. ಕೊಟ್ಟ ಮಾತಿನಂತೆ ಅಕ್ಕ ಲ್ಯಾಪ್‌ಟಾಪನ್ನು ಸಾಹೇಬರ ಕೈಗಿಟ್ಟಳು. ಹಳೇ ಬ್ಯಾಟರಿ, ಒಂಬತ್ತರ ಕೆಳಗೆ ನಂಬಬೇಡಿ, ಬೆಳಕು ಏರಿಸಬೇಡಿ, ಮೊದಲು ವರದಿ ಕಳಿಸಿಬಿಡಿ ಎಂದು ಮೂರು ಸಲ ಹೇಳಿದಳು.

ಸಾಹೇಬರು ಒಳಗೆ ಹೋಗಿ ಮೊದಲು ಮಾಡಿದ್ದು ಬೆಳಕು ಏರಿಸಿದ್ದು. ಆಮೇಲೆ ವರದಿಗೆ ಹಾಕಲು ತಮ್ಮ ಮುಖ ಯಾವುದರಲ್ಲಿ ಚೆನ್ನಾಗಿ ಬಂದಿದೆಯೆಂದು ನೋಡಲು ನಲವತ್ತು ಫೋಟೋಗಳನ್ನು ಒಟ್ಟಿಗೇ ತೆರೆದರು. ಏಳೇ ನಿಮಿಷ, ಪರದೆ ಕಪ್ಪಾಯಿತು. ಕೊನೆಗೆ ಪರದೆಯ ಮೇಲಿದ್ದ ಚಿತ್ರವನ್ನು ಬಾಗಿಲಲ್ಲಿ ನಿಂತ ಜವಾನ ಕಂಡಿದ್ದ. ತೆರೆದ ತಗಡಿನ ಪೆಟ್ಟಿಗೆ, ರಿಬ್ಬನ್, ಕತ್ತರಿ. ಕೆಳಗೆ ಬರೆದದ್ದು: ಸಾರ್ವಜನಿಕರಿಗೆ ಉಚಿತ ಚಾರ್ಜಿಂಗ್ ಸೌಲಭ್ಯ. ಆ ಗೋಡೆಯ ಪ್ಲಗ್ಗಿನ ಕತೆಯೇ ಆ ವರದಿ.

ಮರುದಿನ ಅಕ್ಕನ ಮೇಜು ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿತ್ತು. ಪಡಸಾಲೆಯಲ್ಲಿ ಜನಸಂಚಾರಕ್ಕೆ ಅಡ್ಡಿಯಾಗುತ್ತದಂತೆ. ಆರು ವರ್ಷದಿಂದ ಅಲ್ಲೇ ನಡೆದಾಡಿದ ಜನಕ್ಕೆ ಅದು ಅವತ್ತೇ ಗೊತ್ತಾಯಿತು. ಗುಮಾಸ್ತನ ಬೆರಳು ಮಾತ್ರ ಈಗಲೂ ಅವಳನ್ನೇ ತೋರಿಸುತ್ತದೆ, ಸ್ವಲ್ಪ ಉದ್ದಕ್ಕೆ ಚಾಚಬೇಕು ಅಷ್ಟೆ. ಬಿಸಿಲಿಗಿಂತ ಬೇಗ ಬ್ಯಾಟರಿ ಕೊಲ್ಲುವುದು ಇನ್ನೊಂದಿಲ್ಲ. ಜೊತೆಗೆ ಬಿಸಿಲಿನಲ್ಲಿ ಅಕ್ಷರ ಕಾಣಬೇಕೆಂದರೆ ಬೆಳಕು ಏರಿಸಲೇಬೇಕು. ಮೊದಲು ಐದರವರೆಗೆ ಎಳೆಯುತ್ತಿದ್ದದ್ದು ಈಗ ಎರಡಕ್ಕೇ ಕೈಕೊಡುತ್ತದೆ. ಎರಡರ ನಂತರ ಬಂದವರು ವಾಪಸು ಹೋಗುತ್ತಾರೆ. ಮಧ್ಯಾಹ್ನ ಅಜ್ಜ ಬಂದು ಕೊಡೆ ಬಿಚ್ಚಿ ನಿಲ್ಲುತ್ತಾನೆ. ಬೇಡ ಅಜ್ಜಾ, ನನಗೆ ಅಭ್ಯಾಸವಾಗಿದೆ ಎಂದಳಂತೆ ಅಕ್ಕ.

"ನಿನಗಲ್ಲಮ್ಮಾ," ಎಂದನಂತೆ ಅಜ್ಜ, "ಅದಕ್ಕೆ."

ಓದಿ ಅಯ್ಯೋ ಪಾಪ ಎಂದಿರಾ? ನಿಮ್ಮ ಅಯ್ಯೋದಿಂದ ಒಂದು ಪರ್ಸೆಂಟೂ ಚಾರ್ಜ್ ಆಗುವುದಿಲ್ಲ. ಈ ವಾರ ನೀವೂ ಯಾವುದೋ ಕಚೇರಿಯ ಮೆಟ್ಟಿಲು ಹತ್ತುತ್ತೀರಿ. ಅಲ್ಲಿಯ ಗೋಡೆಯಲ್ಲೂ ಇಂಥದೊಂದು ತಗಡಿನ ಪೆಟ್ಟಿಗೆ ಇದ್ದರೆ ಒಳಗೆ ಹೋಗಿ ಕೀಲಿಕೈ ಕೇಳಿ. ಅದು ಬಂದು ಬೀಗ ತೆರೆಯುವವರೆಗೆ ಅಲ್ಲಿಂದ ಕದಲಬೇಡಿ.