ಹಿರಿಯ ಯಾರೆಂದು ತಿಳಿಯದ ಹಬ್ಬ

ಗೊಯ್ನುಕ್ ಊರಿನ ರಜಾಯಿ ಹೊಲಿಯುವ ವೆಹ್ಬಿಗೆ ಎಪ್ಪತ್ತು ವರ್ಷ. ಇಲ್ಲವೇ ಅರವತ್ತೊಂಬತ್ತು. ಈ ಒಂದು ವರ್ಷದ ಗೊಂದಲ ಅಷ್ಟು ಕಾಲ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. 2011ರ ಆಗಸ್ಟ್ ಮೂವತ್ತರಂದು ಮಾತ್ರ ಅವನ ತಲೆ ಕೆಟ್ಟು ಹೋಯಿತು.

ಆ ದಿನ ಎರಡು ಹಬ್ಬ ಒಟ್ಟಿಗೆ ಬಿದ್ದಿದ್ದವು. ಆಗಸ್ಟ್ ಮೂವತ್ತು ಆ ದೇಶದಲ್ಲಿ ಪ್ರತಿ ವರ್ಷವೂ ಯುದ್ಧ ಗೆದ್ದ ನೆನಪಿನ ವಿಜಯ ದಿನವೇ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವ ರಂಜಾನ್ ಹಬ್ಬ ಆ ಸಲ ಸರಿಯಾಗಿ ಅದರ ತಲೆಯ ಮೇಲೇ ಬಂದು ಕೂತಿತ್ತು. ಚೌಕದಲ್ಲಿ ಬ್ಯಾಂಡು, ಮಸೀದಿ ಮುಂದೆ ಅಪ್ಪುಗೆ. ಹಬ್ಬದ ಶುಭಾಶಯ ಹೇಳಿದರೆ ಯಾವ ಹಬ್ಬದ್ದು ಎಂದು ತಮಾಷೆ ಮಾಡದವರೇ ಇರಲಿಲ್ಲ. ವೆಹ್ಬಿ ನಗಲಿಲ್ಲ. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಬಾಗಿಲಿಗೆ ಎದುರಾಗಿ ಕೂತ.

ಅವನು ಕಾಯುತ್ತಿದ್ದದ್ದು ಚಿಕ್ಕಪ್ಪನ ಮಗ ಹುಲುಸಿಗಾಗಿ. ಹಬ್ಬದ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳಬೇಕು, ಹಿರಿಯರು ಮನೆಯಲ್ಲೇ ಕೂತಿರಬೇಕು. ಹೋದ ವರ್ಷದವರೆಗೆ ಇಬ್ಬರಿಗೂ ಹಿರಿಯಳಾಗಿ ಸೋದರತ್ತೆ ಫಿತ್ನತ್ ಇದ್ದಳು. ಇಬ್ಬರೂ ಅವಳ ಕೈಗೆ ಮುತ್ತಿಟ್ಟು, ಅವಳು ಕೊಟ್ಟ ಬಕ್ಲಾವಾ ಸಿಹಿ ತಿಂದು, ಬೀದಿಯುದ್ದಕ್ಕೂ ಜಗಳವಾಡುತ್ತ ಮನೆಗೆ ಮರಳುತ್ತಿದ್ದರು. ವಸಂತದಲ್ಲಿ ಅತ್ತೆ ತೀರಿಕೊಂಡಳು. ಈಗ ಆ ಮನೆತನದಲ್ಲಿ ಹಳೆ ತಲೆ ಎಂದರೆ ಇವರಿಬ್ಬರೇ.

ಇಬ್ಬರಲ್ಲಿ ದೊಡ್ಡವನು ಯಾರು? ವೆಹ್ಬಿ ಹುಟ್ಟಿದ್ದು ರಂಜಾನ್ ಹಬ್ಬದ ಬೆಳಗ್ಗೆ, ಹುಲುಸಿ ಹುಟ್ಟಿದ್ದು ಅಕ್ಟೋಬರ್ ಇಪ್ಪತ್ತೊಂಬತ್ತು, ಅಲ್ಲಿನ ಗಣರಾಜ್ಯ ದಿನದಂದು. ನಡುವೆ ಒಂದು ವಾರದ ಅಂತರವೂ ಇರಲಿಲ್ಲವೋ ಏನೋ ಎನ್ನುತ್ತಿದ್ದಳು ಅತ್ತೆ. ಮೊದಲು ಯಾರು ಎಂದು ಕೇಳಿದರೆ ಒಂದು ವರ್ಷ ಇವನ ಹೆಸರು, ಮರುವರ್ಷ ಅವನ ಹೆಸರು. ಅಪ್ಪಂದಿರಂತೂ ಮಕ್ಕಳು ನಡೆಯುವಂತಾದ ಮೇಲೆ ಒಂದೇ ದಿನ ಸರ್ಕಾರಿ ಕಚೇರಿಗೆ ಹೋಗಿ ಹೆಸರು ಬರೆಸಿದ್ದರು. ಗುಮಾಸ್ತ ಯೋಚನೆ ಮಾಡುವ ಗೋಜಿಗೆ ಹೋಗದೆ ಇಬ್ಬರಿಗೂ ಅಂದಾಜಿನ ಒಂದೇ ಇಸ್ವಿ, ಜನವರಿ ಒಂದು ಎಂದು ಗೀಚಿದ್ದ.

"ಬೆಳಗ್ಗೆ ಮಸೀದಿಲಿ ಸಿಗ್ಲಿಲ್ವಾ?" ಹೆಂಡತಿ ಸಬಿಹಾ ಕೇಳಿದಳು.

"ಇಲ್ಲ. ನನ್ ಕಣ್ಣು ತಪ್ಪಿಸ್ಕೊಂಡು ಬೇರೆ ಮಸೀದಿಗೆ ಹೋಗಿದಾನೆ."

"ಹಂಗಾದ್ರೆ ಅವ್ರೂ ನಿಮ್ಹಂಗೇ ಬಾಗ್ಲು ನೋಡ್ಕೊಂಡು ಕೂತಿರ್ತಾರೆ. ಒಳ್ಳೆ ಜೋಡಿ ಕಣ್ರೀ ನೀವು."

ಮಧ್ಯಾಹ್ನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನೆಜ್ದೆತ್ ಬಂದರು. ವೆಹ್ಬಿ ಕಾಫಿ ಕೊಡುವ ಮೊದಲೇ ಪ್ರಶ್ನೆ ಇಟ್ಟ. ಮೇಷ್ಟ್ರಿಗೆ ಬೇಕಿದ್ದದ್ದೂ ಅದೇ. ಮನೆಗೆ ಹೋಗಿ ದಪ್ಪನೆಯದೊಂದು ಪಂಚಾಂಗ ತಂದರು.

"ನಲವತ್ತನೇ ಇಸ್ವಿಲಿ ರಂಜಾನ್ ಹಬ್ಬ ನವೆಂಬರ್ ಮೊದಲಲ್ಲಿ ಬಂತು. ಅಂದ್ರೆ ಗಣರಾಜ್ಯ ದಿನ ಆದ್ಮೇಲೆ. ಹುಲುಸಿ ದೊಡ್ಡೋನು."

ವೆಹ್ಬಿಯ ಮುಖ ಇಳಿಯಿತು.

"ತಾಳಪ್ಪ. ನಲವತ್ತೊಂದ್ರಲ್ಲಿ ಹಬ್ಬ ಅಕ್ಟೋಬರ್ ಇಪ್ಪತ್ತೆರಡರ ಹತ್ರ ಬಂತು. ಅಂದ್ರೆ ಗಣರಾಜ್ಯ ದಿನಕ್ಕಿಂತ ಮುಂಚೆ. ಆಗ ನೀನು ದೊಡ್ಡೋನು. ನೀನು ಹುಟ್ಟಿದ್ದು ಯಾವ ಇಸ್ವಿ?"

"ಅದು ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ ಮೇಷ್ಟ್ರೇ?"

ಮೇಷ್ಟ್ರು ಕಾಫಿ ಕುಡಿದು, ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ವೆಹ್ಬಿಯ ತಲೆ ಮೊದಲಿಗಿಂತ ಹೆಚ್ಚು ಗೋಜಲಾಯಿತು. ಚೌಕದ ಬ್ಯಾಂಡು ನಿಂತಿತು. ಬೀದಿಯ ಮಕ್ಕಳು ಬಂದು ಕೈಗೆ ಮುತ್ತಿಟ್ಟು ಮಿಠಾಯಿ ಒಯ್ದವು. ಹುಲುಸಿ ಬರಲಿಲ್ಲ. ಹಬ್ಬದ ಮೊದಲ ದಿನ ಹೀಗೇ ಮುಳುಗಿದರೆ ಅದು ಮುನಿಸು ಎಂದೇ ಊರಿನ ಲೆಕ್ಕ. ಅಂಥ ಮುನಿಸನ್ನು ಹಾಗೇ ಮಣ್ಣಿಗೆ ಒಯ್ದ ಅಣ್ಣತಮ್ಮಂದಿರನ್ನು ವೆಹ್ಬಿ ಕಂಡಿದ್ದ. ಅವನಿಗೆ ಹೆದರಿಕೆಯಾಯಿತು. ಹುಲುಸಿಯನ್ನು ಬಿಟ್ಟರೆ ಅವನನ್ನು 'ಲೋ' ಎಂದು ಕರೆಯುವವರು ಭೂಮಿಯ ಮೇಲೆ ಇನ್ನಾರೂ ಉಳಿದಿರಲಿಲ್ಲ.

ಬಿಸಿಲು ತಗ್ಗುತ್ತಿದ್ದಂತೆ ಎದ್ದ. "ನಾನೇ ಚಿಕ್ಕೋನು ಅಂತಿಟ್ಕೊಳೋಣ. ಪ್ರಾಣ ಏನ್ ಹೋಗಲ್ಲ," ಎಂದು ಗೊಣಗಿಕೊಂಡು ಹೊರಟ.

ಹುಲುಸಿಯ ಮನೆ ಬಾಗಿಲು ತೆರೆದೇ ಇತ್ತು. ಅವನೂ ಕೋಟು ತೊಟ್ಟು ಬಾಗಿಲಿಗೆ ಎದುರಾಗಿ ಕೂತಿದ್ದ. ವೆಹ್ಬಿ ಬಾಗಿ ಅವನ ಕೈಗೆ ಕೈ ಚಾಚಿದ. ಹುಲುಸಿ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

"ಕೊಡಲ್ಲ."

"ಸೋತು ಬಂದಿದೀನಿ ಕಣೋ. ನೀನೇ ದೊಡ್ಡೋನು, ಕೊಡು ಕೈ."

"ಬೇಡ ಕಣೋ ವೆಹ್ಬಿ. ನೀನು ಮುತ್ತಿಟ್ರೆ ನಾನು ದೊಡ್ಡೋನಾಗ್ಬಿಡ್ತೀನಿ."

"ಬೆಳಗ್ಗಿಂದ ಅದಕ್ಕೇ ತಾನೇ ಕೂತಿದ್ದು ನೀನು?"

"ಅದಕ್ಕಲ್ಲ." ಹುಲುಸಿಯ ದನಿ ಇಳಿಯಿತು. "ನಿನ್ ಮನೆಗೆ ಹೊರಡೋಣ ಅಂತ ಈ ಹೊಸ್ತಿಲ ತನಕ ಮೂರು ಸಲ ಬಂದೆ. ಕಾಲು ಏಳ್ಲಿಲ್ಲ. ಅಕಸ್ಮಾತ್ ನೀನು ದೊಡ್ಡೋನಾಗೋಕೆ ಒಪ್ಕೊಳ್ದೆ ನನ್ ಕೈಗೇ ಮುತ್ತಿಟ್ರೆ? ಅಜ್ಜ ಹೋದ್ರು, ಅಪ್ಪಂದಿರು ಹೋದ್ರು, ಅತ್ತೆ ಹೋದ್ಲು. ಹೋಗೋ ಸಾಲಲ್ಲಿ ಇನ್ನು ಮುಂದಿರೋನು ದೊಡ್ಡೋನೇ ಅಲ್ವಾ? ನಂಗೆ ಭಯ ಕಣೋ."

ಬೆಳಗಿನಿಂದ ಹಿರಿತನಕ್ಕಾಗಿ ಮುಖ ಗಂಟಿಕ್ಕಿ ಕೂತಿದ್ದ ವೆಹ್ಬಿಗೆ ಈಗ ಅದು ತಾನಾಗಿ ಮಡಿಲಿಗೆ ಬಿದ್ದಿತ್ತು. ಅವನಿಗೂ ಭಯವೇ ಆಯಿತು. ಆದರೂ ಹುಲುಸಿಯ ಪಕ್ಕ ಕೂತು ತನ್ನ ಬಲಗೈ ಮುಂದೆ ಚಾಚಿದ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗಳು ಕಲ್ಲಾಗಿದ್ದವು.

"ಹಿಡಿ. ಮೇಷ್ಟ್ರು ಪಂಚಾಂಗ ನೋಡಿ ಹೇಳಿದಾರೆ. ನಾವು ಹುಟ್ಟಿದ್ದು ನಲವತ್ತೊಂದರಲ್ಲಿ. ನಾನೇ ದೊಡ್ಡೋನು."

"ನಿಜವಾಗ್ಲೂ?"

"ನಿಜವಾಗ್ಲೂ."

ಹೇಳಿದ್ದು ಸುಳ್ಳೋ ನಿಜವೋ ಅವನಿಗೇ ತಿಳಿದಿರಲಿಲ್ಲ. ಹುಲುಸಿ ಆ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡ. ಬಹಳ ಹೊತ್ತು ಬಿಡಲೇ ಇಲ್ಲ.