ಮೇಣದ ಇಸ್ತ್ರಿಪೆಟ್ಟಿಗೆ

ಕಳೆದ ವಾರ ಗರಾಜು ಕ್ಲೀನ್ ಮಾಡಲು ಕೂತಾಗ ಹಳೆಯ ರಟ್ಟಿನ ಡಬ್ಬವೊಂದರಿಂದ ಮೇಣದ ವಾಸನೆ ಬಂತು. ಹುಟ್ಟುಹಬ್ಬದ ಕ್ಯಾಂಡಲ್ಲಿನ ವಾಸನೆ ಅಲ್ಲ ಅದು. ಮೇಣ, ಸುಟ್ಟ ಬಟ್ಟೆ, ಒದ್ದೆ ಮರ ಎಲ್ಲ ಸೇರಿದ್ದು. ಮುಚ್ಚಳ ತೆಗೆಯುವ ಮೊದಲೇ ಒಳಗೆ ಏನಿದೆ ಎಂದು ಗೊತ್ತಾಯಿತು. ಒಂದು ಹಳೇ ಇಸ್ತ್ರಿಪೆಟ್ಟಿಗೆ. ತಳಕ್ಕೆ ಹಸಿರು ಮೇಣ ಇನ್ನೂ ಮೆತ್ತಿಕೊಂಡಿದೆ. ನಾವೀಗ ಇರುವ ಈ ಕ್ಯಾರಿ ಊರಿನಲ್ಲಿ ಹಿಮ ಬೀಳುವುದೇ ಅಪರೂಪ, ಬಿದ್ದರೂ ಮಧ್ಯಾಹ್ನದೊಳಗೆ ಕರಗಿ ನೀರು. ಆದರೂ ಆ ವಾಸನೆಗೆ ಗೈದರ್ಸ್‌ಬರ್ಗಿನ ಚಳಿಗಾಲ ಕಣ್ಣಮುಂದೆ ಬಂದು, ಗರಾಜಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ…

ಅದು ಪಕ್ಕದ ಮನೆ ಅಂಕಲ್ಲದು. 2001ರಲ್ಲಿ ನಾವು ಗೈದರ್ಸ್‌ಬರ್ಗಿನ ಟೌನ್‌ಹೌಸಿಗೆ ಬಂದಾಗ, ಪಕ್ಕದಲ್ಲೇ ಕನ್ನಡ ಮಾತಾಡುವವರಿದ್ದಾರೆ ಎಂದು ತಿಳಿದು ಮೈಸೂರಿನವಳಾದ ನನಗೆ ಹೋದ ಜೀವ ಬಂದಂತಾಗಿತ್ತು. ಅಂಕಲ್, ಆಂಟಿ ಇಬ್ಬರೂ ಉಡುಪಿ ಕಡೆಯವರು. ಅಂಕಲ್ ಅರವತ್ತರ ದಶಕದ ಕೊನೆಯಲ್ಲಿ ಓದಲು ಬಂದು, ಸರ್ಕಾರಿ ಲ್ಯಾಬೊಂದರಲ್ಲಿ ವಿಜ್ಞಾನಿಯಾಗಿ ಇಲ್ಲೇ ನಿಂತವರು. ಹಿರಿಯರು, ಗಂಭೀರವಾಗಿರುತ್ತಾರೆ ಎಂದುಕೊಂಡು ಡಬ್ಬಿಯಲ್ಲಿ ಹುಳಿ ಹಾಕಿಕೊಂಡು ಪರಿಚಯ ಮಾಡಿಕೊಳ್ಳಲು ಹೋದರೆ, ಈ ಮಹಾನುಭಾವರು ಗರಾಜಿನಲ್ಲಿ ಎರಡು ಉದ್ದ ಹಲಗೆಗಳನ್ನು ಮಲಗಿಸಿಕೊಂಡು ಇಸ್ತ್ರಿ ಮಾಡುತ್ತಾ ನಿಂತಿದ್ದರು.

“ಹಲಗೆಗೆ ಇಸ್ತ್ರಿ ಮಾಡ್ತಿದ್ದೀರಾ ಅಂಕಲ್?” ಎಂದೆ.

“ಸ್ಕೀ ಮಾರಾಯ್ತಿ. ಮೇಣ ಹಚ್ಚದಿದ್ರೆ ಜಾರುದಿಲ್ಲ,” ಎಂದರು, ತಲೆ ಎತ್ತದೆ.

ಸಮುದ್ರದ ದಂಡೆಯಲ್ಲಿ ಬೆಳೆದ ಮನುಷ್ಯನಿಗೆ ಹಿಮದ ಹುಚ್ಚು ಹತ್ತಿದ್ದು ಹೇಗೆ ಎಂದು ಕೇಳಿದರೆ ನಗುತ್ತಿದ್ದರು. ಎಲ್ಲರ ಹಾಗೆ ತಂತಿಗೆ ತೂಗುವ ಕುರ್ಚಿಯಲ್ಲಿ ಕೂತು ಮೇಲೆ ಹೋಗಿ ಜಾರಿಕೊಂಡು ಬರುವ ಸ್ಕೀಯಿಂಗ್ ಅಲ್ಲ ಅವರದು. ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ರೋಮದಂಥ ಪಟ್ಟಿ ಅಂಟಿಸಿಕೊಂಡು, ದಿನಗಟ್ಟಲೆ ಪರ್ವತ ಹತ್ತಿ, ತುದಿಯಲ್ಲಿ ಪಟ್ಟಿ ಕಿತ್ತು, ಯಾರೂ ತುಳಿಯದ ಹಿಮದಲ್ಲಿ ಇಳಿಯುವುದು. ಪ್ರತಿ ಚಳಿಗಾಲ ರಜೆ ಹಾಕಿ ಪಶ್ಚಿಮದ ಪರ್ವತಗಳಿಗೆ ಹೋಗುತ್ತಿದ್ದರು. ಹಿಮಕುಸಿತದ ವಿಷಯದಲ್ಲಿ ಅವರ ಮಾತೆಂದರೆ ಅಲ್ಲಿನ ರಕ್ಷಣಾ ತಂಡಗಳಿಗೂ ಗೌರವ. ಕರೆಸಿಕೊಂಡು ಪಾಠ ಹೇಳಿಸುತ್ತಿದ್ದರು. ಇತ್ತ ಗೈದರ್ಸ್‌ಬರ್ಗಿನಲ್ಲಿ ನಾವು ಎರಡಿಂಚು ಹಿಮಕ್ಕೆ ಶಾಲೆ ಮುಚ್ಚಿಸಿ, ಅಂಗಡಿಯ ಹಾಲು ಬ್ರೆಡ್ ಎಲ್ಲ ಖಾಲಿ ಮಾಡಿ ಕೂರುತ್ತಿದ್ದರೆ, ಅಂಕಲ್ ಕಿಟಕಿಯಿಂದ ನೋಡಿ ನಗುತ್ತಿದ್ದರು.

ಆಂಟಿಗೆ ಈ ಹುಚ್ಚು ಕಂಡರಾಗುತ್ತಿರಲಿಲ್ಲ. ಒಂದು ದೀಪಾವಳಿಗೆ ಅವಸರದಲ್ಲಿ ಕೈಗೆ ಸಿಕ್ಕ ಇಸ್ತ್ರಿಪೆಟ್ಟಿಗೆಯನ್ನು ತಮ್ಮ ಮೈಸೂರು ರೇಷ್ಮೆ ಸೀರೆಯ ಮೇಲೆ ಓಡಿಸಿಬಿಟ್ಟರು. ಸೆರಗಿನ ತುಂಬ ಹಸಿರು ಮೇಣ. ಅಂಕಲ್ ಕಂದು ಕಾಗದ ಇಟ್ಟು ಇಸ್ತ್ರಿ ಮಾಡಿ, ಮೇಣ ಹೀರಿಸಿ ಹೀರಿಸಿ ತೆಗೆದರೂ ಕಲೆ ಹೋಗಲಿಲ್ಲ. ಆಂಟಿ ಹಠಕ್ಕೆ ಬಿದ್ದು ಅದೇ ಸೀರೆ ಉಟ್ಟು ರಾಕ್‌ವಿಲ್ಲಿನ ಕನ್ನಡ ಕಾರ್ಯಕ್ರಮಕ್ಕೆ ಬಂದರು. ಕೇಳಿದವರಿಗೆಲ್ಲ “ಇವರ ಬೆಟ್ಟದ ಪ್ರಸಾದ” ಎನ್ನುತ್ತಿದ್ದರು.

ಹಿಮ ಹೇಗೆ ಕುಸಿಯುತ್ತದೆ ಎಂದು ನಾನು ಕೇಳಿದ್ದಕ್ಕೆ ಅಂಕಲ್ ನನ್ನ ಅಡುಗೆಮನೆಯಲ್ಲೇ ತೋರಿಸಿದ್ದರು. ತಟ್ಟೆಯಲ್ಲಿ ಸಕ್ಕರೆ ಹರಡಿ, ಮೇಲೆ ಮೈದಾ ಸುರಿದು, ಅಂಗೈಯಿಂದ ಒತ್ತಿ ಗಟ್ಟಿ ಮಾಡಿ, ನಿಧಾನ ಓರೆ ಮಾಡಿದರು. ಮೈದಾ ಇಡೀ ಹಪ್ಪಳದಂತೆ ಬಿರಿದು ಜಾರಿ ನನ್ನ ಸ್ಟೋವಿನ ಮೇಲೆ ಬಿತ್ತು.

“ಮೇಲಿನದ್ದು ಗಟ್ಟಿ ಕಾಣ್ತದೆ. ಅಡಿಯಲ್ಲಿ ಹರಳು ಹರಳು, ಒಂದಕ್ಕೊಂದು ಹಿಡ್ಕೊಂಡಿರುದಿಲ್ಲ. ಅಗೆದು ನೋಡದೆ ಗೊತ್ತಾಗುದಿಲ್ಲ,” ಎಂದರು.

ಅದಕ್ಕೇ ಅವರು ಹೋದಲ್ಲೆಲ್ಲ ಮೊದಲು ಗುಂಡಿ ತೋಡಿ, ಪದರ ಪದರ ಮುಟ್ಟಿ ನೋಡಿಯೇ ಹೆಜ್ಜೆ ಇಡುತ್ತಿದ್ದದ್ದು. ಸ್ಟೋವ್ ಒರೆಸಿದವಳು ಮಾತ್ರ ನಾನು.

ಅವರ ತಂಡಕ್ಕೆ ಒಂದು ನೇಮವಿತ್ತು. ಹೊರಟ ಮೇಲೆ ಯಾರೊಬ್ಬರಾದರೂ ‘ಬೇಡ’ ಎಂದರೆ ಸಾಕು, ಎಲ್ಲರೂ ಹಿಂದಿರುಗಬೇಕು. ಯಾಕೆ ಎಂದು ಕೇಳಬಾರದು. ಹಿಂದೆ ಒಮ್ಮೆ ಅವರ ಗೆಳೆಯರೊಬ್ಬರು ಹಿಮದಡಿ ಸಿಕ್ಕಿ ತೀರಿಕೊಂಡಿದ್ದರಂತೆ. ತಂಡದಲ್ಲಿ ಹೊಸಬನೊಬ್ಬನಿಗೆ ಅಂದು ಬೆಳಿಗ್ಗೆಯೇ ಬೇಡವೆನ್ನಿಸಿತ್ತು, ಕಾರಣ ಕೇಳಿದರೆ ಏನು ಹೇಳುವುದೆಂದು ನಾಚಿ ಸುಮ್ಮನಿದ್ದನಂತೆ. “ಯಾಕೆ ಅಂತ ಕೇಳಿದ್ರೆ ಜನ ಬಾಯಿ ಮುಚ್ಕೊಳ್ತಾರೆ,” ಎಂದಿದ್ದರು ಅಂಕಲ್.

ಇನ್ನೊಂದು ಅಭ್ಯಾಸ. ಎಲ್ಲರೂ ಎದೆಗೆ ಬೀಕನ್ ಎಂಬ ಪುಟ್ಟ ಡಬ್ಬಿ ಕಟ್ಟಿಕೊಳ್ಳಬೇಕು. ಹಿಮದಲ್ಲಿ ಹೂತುಹೋದವರನ್ನು ಅದರ ಸಿಗ್ನಲ್ ಹಿಡಿದು ಉಳಿದವರು ತಮ್ಮ ಬೀಕನ್ನಿನಿಂದ ಹುಡುಕುತ್ತಾರೆ. ಮನೆಯಿಂದ ಹೊರಡುವಾಗ ಅಂಕಲ್ ಅದನ್ನು ಡ್ರೈವ್‌ವೇಯಲ್ಲೇ ಟೆಸ್ಟ್ ಮಾಡುತ್ತಿದ್ದರು. ಇನ್ನೊಂದು ಬೀಕನ್ ಹಿಡಿದು ಸೈಡ್‌ವಾಕಿನ ತುದಿವರೆಗೆ ನಡೆಯುವುದು ಆಂಟಿಯ ಕೆಲಸ. ಸ್ವೆಟರ್ ಹಾಕಿಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ಗೊಣಗುತ್ತಾ ಹೋಗುತ್ತಿದ್ದರು. ಅಂಕಲ್ ಬಳಿಯಿದ್ದದ್ದು ಪೀಂ ಪೀಂ ಎನ್ನುತ್ತಿತ್ತು. ಎಷ್ಟು ವರ್ಷದಿಂದ ಹಾಗೆ ನಡೆದಿದ್ದರೋ…

ಅಂಕಲ್ ರಿಟೈರ್ ಆದ ವರ್ಷ ಕೊನೆಯದೊಂದು ಯಾತ್ರೆ ಎಂದು ನಿರ್ಧರಿಸಿದರು. ಒಂದು ಪರ್ವತದಿಂದ ಅವರು ಎರಡು ಸಲ ಹಿಂದಿರುಗಿದ್ದರು. ಒಮ್ಮೆ ಗುಂಡಿ ತೋಡಿ ನೋಡಿ ತಾವೇ ಬೇಡ ಎಂದದ್ದು, ಇನ್ನೊಮ್ಮೆ ಜೊತೆಯವರು ಅಂದದ್ದು. ಮಂಡಿ ಸವೆದಿತ್ತು, ಇನ್ನೊಂದು ಚಳಿಗಾಲಕ್ಕೆ ಆಗುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು. ಈ ಸಲ ಹೋಗದಿದ್ದರೆ ಆ ತುದಿ ಇನ್ನಿಲ್ಲ. ತಿಂಗಳುಗಟ್ಟಲೆ ಮನೆಯ ಮೆಟ್ಟಿಲು ಹತ್ತಿ ಇಳಿದು ತಯಾರಾದರು. ಏರ್‌ಪೋರ್ಟಿಗೆ ಬಿಡಲು ನಾನೇ ಕಾರು ತಂದಿದ್ದೆ.

ಎಲ್ಲ ಲೋಡ್ ಮಾಡಿ ಆಯಿತು. ಆಂಟಿ ಬೀಕನ್ ತೆಗೆದುಕೊಂಡರು. ಎಂದಿನಂತೆ ಕೈಯಲ್ಲಿ ಹಿಡಿಯಲಿಲ್ಲ. ಅದರ ಪಟ್ಟಿಯನ್ನು ಕೊರಳಿಗೆ ಹಾಕಿ, ಸ್ವೆಟರಿನ ಮೇಲೆ ಎದೆಗೆ ಸರಿಯಾಗಿ ಬಿಗಿದುಕೊಂಡರು. ಸೈಡ್‌ವಾಕಿನ ತುದಿಗೆ ನಡೆದು, ತಿರುಗಿ ನಿಂತು, “ಬೇಡ,” ಎಂದರು.

ನಾನು ತಮಾಷೆ ಎಂದುಕೊಂಡು ನಕ್ಕೆ. ಅಂಕಲ್ ನಗಲಿಲ್ಲ. ಒಂದು ಗಳಿಗೆ ಆಂಟಿಯನ್ನೇ ನೋಡಿದರು. ಆಮೇಲೆ ನನ್ನ ಕಾರಿನ ಡಿಕ್ಕಿ ತೆರೆದು, ಸ್ಕೀ ಹೊರಗೆಳೆದು, ಗರಾಜಿಗೆ ಒಯ್ದು ಗೋಡೆಗೆ ಒರಗಿಸಿದರು. ಒಳಗೆ ಹೋಗಿ ಗೆಳೆಯರಿಗೆ ಫೋನ್ ಮಾಡಿ ಬರುವುದಿಲ್ಲವೆಂದರು. ಕಾರಣ ಹೇಳಲಿಲ್ಲ. ಆಮೇಲೆ ಮೂವರೂ ಕೂತು ಕಾಫಿ ಕುಡಿದೆವು. ನನಗೆ ಆಂಟಿಯ ಮೇಲೆ ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆ ಗೆಳೆಯರು ತುದಿ ಮುಟ್ಟಿ ಕ್ಷೇಮವಾಗಿ ಬಂದರು, ಫೋಟೋ ಕಳಿಸಿದರು. ಅಂಕಲ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬಂದವರಿಗೆಲ್ಲ ಸಂತೋಷದಿಂದಲೇ ತೋರಿಸುತ್ತಿದ್ದರು.

2008ರ ಬೇಸಿಗೆಯಲ್ಲಿ ಅಂಕಲ್ ಹಿತ್ತಲಲ್ಲಿ ಟೊಮೇಟೊ ಗಿಡಕ್ಕೆ ನೀರು ಬಿಡುತ್ತಿದ್ದವರು ಹಾಗೇ ಕುಸಿದರು. ಆ್ಯಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಅಷ್ಟು ಪರ್ವತ ಹತ್ತಿ ಇಳಿದವರು, ಅಂಗೈಯಷ್ಟು ಸಪಾಟಾದ ಹಿತ್ತಲಲ್ಲಿ ಹೋದರು. ನನಗೆ ತಂದೆ ಹೋದಷ್ಟೇ ದುಃಖವಾಯಿತು.

ಮಗಳ ಮನೆಗೆ ಹೋಗುವ ಮೊದಲು ಆಂಟಿ ಮನೆ ಖಾಲಿ ಮಾಡುತ್ತಿದ್ದಾಗ ನಾನು ಸಹಾಯಕ್ಕೆ ಹೋಗಿದ್ದೆ. ಇಸ್ತ್ರಿಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ತಳದ ಮೇಣವನ್ನು ಉಗುರಿನಿಂದ ಕೆರೆದರು.

“ಅವತ್ತು ಬೇಡ ಅಂದೆನಲ್ಲ, ನಂಗೆ ಹೆದರಿಕೆ ಆಗಿ ಅಲ್ಲ,” ಎಂದರು. “ಇಷ್ಟು ವರ್ಷ ಆ ಡಬ್ಬಿ ಹಿಡ್ಕೊಂಡು ನಡ್ದಿದ್ದೇನೆ. ನಾನೂ ಅವರ ತಂಡದಲ್ಲಿ ಉಂಟಾ ಇಲ್ವಾ ಅಂತ ನೋಡ್ಬೇಕಿತ್ತು. ಯಾಕೆ ಅಂತ ಕೇಳ್ತಾರೆ, ಹೋಗಿ ಬನ್ನಿ ಅನ್ನುವ ಅಂತ ನಿಂತಿದ್ದೆ. ಅವರು ಕೇಳ್ಲೇ ಇಲ್ಲ.”

“ಆಮೇಲಾದ್ರೂ ಹೇಳ್ಬಹುದಿತ್ತಲ್ಲ ಆಂಟಿ.”

“ಹೇಗೆ ಹೇಳುದು? ಒಂದು ಮಾತಿಗೆ ಅಷ್ಟು ಮರ್ಯಾದೆ ಕೊಟ್ಟರಲ್ಲ…”

ಇಸ್ತ್ರಿಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಅಡುಗೆಮನೆಗೆ ಹೋಗಿ ಅತ್ತರು. ನಾನು ಹಿಂದೆ ಹೋಗಲಿಲ್ಲ.

ಈಗ ಅಂಕಲ್ಲೂ ಇಲ್ಲ, ಆಂಟಿಯೂ ಇಲ್ಲ. ಆ ಟೌನ್‌ಹೌಸಿನಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಕಳೆದ ವಾರ ನಾನು ಗರಾಜಿನ ಮೆಟ್ಟಿಲ ಮೇಲೆ ಕೂತಿದ್ದಾಗ ನಮ್ಮವರು ಕಸದ ಚೀಲ ಹಿಡಿದು ಬಂದರು.

“ಈ ಹಳೇ ಐರನ್ ಬಾಕ್ಸ್ ಬಿಸಾಕ್ಲಾ?”

“ಬೇಡ,” ಎಂದೆ.

“ಯಾಕೆ?”

ಸದ್ಯ, ಕೇಳಿದರು. ಚೀಲ ಕೆಳಗಿಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ.